ಶೋಲಾ ಕಾಡಿನ (ಘಟ್ಟದ ಎತ್ತರದ ಕಣಿವೆಗಳ ದಟ್ಟ ಕಾಡಿನ) ಬಾವಲಿ ಜಾತಿಗಳನ್ನು ಪಟ್ಟಿ ಮಾಡಲು ನಾಲ್ಕು ರಾತ್ರಿ ಬಲೆ ಕಟ್ಟಿದರೆ ಸಾಕೇ?

ಸಾಲದು. ನಾಲ್ಕಲ್ಲ, ನಲವತ್ತು ರಾತ್ರಿ ಕಟ್ಟಿದರೂ ಬರೀ ಬಲೆಯಿಂದ ಆಗುವ ಕೆಲಸ ಅಲ್ಲ ಇದು. ಎಂ.ಎಸ್ಸಿ. ಪ್ರಾಜೆಕ್ಟು, ಬಲೆ ಇದೆ, ಬಾವಲಿಗಳ ಕೇಳಿಸದ ಕೂಗು ಹಿಡಿಯುವ ಡಿಟೆಕ್ಟರ್ ಇಲ್ಲ ಅಂದಿದ್ದೀರಿ. ಪಶ್ಚಿಮ ಘಟ್ಟದಲ್ಲಿ ಎರಡು ಬೇಸಿಗೆ ಇಂಥದೇ ಸಮೀಕ್ಷೆಯಲ್ಲಿ ಕಂಬ ಹೊತ್ತವನು ನಾನು. ಆ ಅನುಭವದಿಂದ ಹೇಳುತ್ತೇನೆ.

ಹಳ್ಳದ ಪಕ್ಕ, ಕಾಡುಬಾಳೆ ಹೂಬಿಟ್ಟಿದ್ದ ಜಾಗದಲ್ಲಿ ನಮ್ಮ ಮೊದಲ ಬಲೆ ಬಿತ್ತು. ಮೂರು ರಾತ್ರಿ ಸಿಕ್ಕಿದ್ದೆಲ್ಲ ಗಿಡ್ಡಮೂತಿಯ ಹಣ್ಣುಬಾವಲಿಯೇ. ಇಷ್ಟು ದಟ್ಟ ಕಾಡಿಗೆ ಒಂದೇ ಜಾತಿಯೇ ಅಂತ ನಾವು ಮುಖ ಮುಖ ನೋಡಿಕೊಂಡೆವು. ನಾಲ್ಕನೇ ಸಂಜೆ ಎರವಲು ತಂದ ಡಿಟೆಕ್ಟರನ್ನು ಅದೇ ಬಲೆಯ ಪಕ್ಕ ಇಟ್ಟಾಗ ಕತೆಯೇ ಬೇರೆಯಾಯಿತು. 80 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಒಂದೇ ಸಮನೆ ಎಳೆದಂಥ ಕೂಗು, ಮೂಗಿನ ಮೇಲೆ ಲಾಳದಂಥ ಮಡಿಕೆ ಇರುವ ಹಾರ್ಸ್‌ಶೂ ಬಾವಲಿಯದು. ನಮ್ಮ ಕಿವಿ 20ಕ್ಕೇ ಸೋಲುತ್ತದೆ. ಮೂರು ರಾತ್ರಿಯೂ ಅವು ನಮ್ಮ ತಲೆಯ ಪಕ್ಕದಲ್ಲೇ ಹಾರಿರಬೇಕು.

ಹಣ್ಣುಬಾವಲಿ ಕಣ್ಣು, ಮೂಗು ನಂಬಿ ಬರುತ್ತದೆ, ಕತ್ತಲಲ್ಲಿ ನವಿರಾದ ಬಲೆ ಕಾಣದೆ ಬೀಳುತ್ತದೆ. ಹಾರ್ಸ್‌ಶೂ ಬಾವಲಿ ಬಲೆಯ ಎಳೆಯನ್ನು ಪ್ರತಿಧ್ವನಿಯಲ್ಲೇ ಗುರುತಿಸಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಅವಕ್ಕೆ ಹಾರ್ಪ್ ಟ್ರ್ಯಾಪ್ (ಚೌಕಟ್ಟಿಗೆ ಸಾಲಾಗಿ ಬಿಗಿದ ಎಳೆಗಳಿಗೆ ತಗುಲಿ ಕೆಳಗಿನ ಚೀಲಕ್ಕೆ ಜಾರಿ ಬೀಳುವಂಥ ಬೋನು) ವಾಸಿ. ಮರದ ನೆತ್ತಿಯ ಮೇಲೆ ಬೇಟೆಯಾಡುವ ಉದ್ದರೆಕ್ಕೆಯವು ಎರಡೂವರೆ ಮೀಟರ್ ಎತ್ತರದ ಬಲೆಯ ತನಕ ಇಳಿಯುವುದು ಅಪರೂಪ. ಹಾಗಂತ ಡಿಟೆಕ್ಟರ್ ಒಂದನ್ನೇ ನಂಬಿದರೂ ಕೆಟ್ಟಿರಿ. ನಮ್ಮಲ್ಲಿನ ಹಣ್ಣುಬಾವಲಿಗಳಲ್ಲಿ ನಾಲಿಗೆಯಿಂದ ಲಟಕ್ ಅನ್ನಿಸುವ ರೌಸೆಟ್ಟಸ್ ಬಿಟ್ಟರೆ ಮಿಕ್ಕವು ಡಿಟೆಕ್ಟರಿನ ಮಟ್ಟಿಗೆ ಮೂಗರು. ದೊಡ್ಡ ಕಿವಿಯ ಮೆಗಾಡರ್ಮ ಬಾವಲಿಗಳು ಪಿಸುಗುಟ್ಟುತ್ತವೆ, ನಾಲ್ಕು ಮಾರು ದೂರವಾದರೆ ದಾಖಲಾಗುವುದೇ ಕಷ್ಟ.

ಹಗಲು ಅವು ತಂಗುವ ಜಾಗ ಹುಡುಕಿ. ಖರ್ಚಿಲ್ಲದ ಕೆಲಸ. ನಮಗೆ ಮೆಗಾಡರ್ಮ ಸಿಕ್ಕಿದ್ದು ಎಸ್ಟೇಟಿನ ಪಾಳುಬಿದ್ದ ಲೈನ್ ಮನೆಯಲ್ಲಿ. ದಾರಿ ತೋರಿಸಿದ್ದು ದನ ಮೇಯಿಸುವ ಒಬ್ಬ ಅಜ್ಜ. "ಮೇಲೆ ನೋಡಬೇಡಿ ಮಗಾ, ನೆಲ ನೋಡಿ" ಅಂದರು. ನೆಲದ ತುಂಬ ಪತಂಗದ, ಮಿಡತೆಯ ಕಿತ್ತ ರೆಕ್ಕೆಗಳು. ತಲೆ ಎತ್ತಿದರೆ ತೊಲೆಗೆ ಆರು ಜೋತುಬಿದ್ದಿದ್ದವು. ತೋಟದ ಅಂಚಿನಲ್ಲಿ ಚೀಪಿ ಬಿಸಾಕಿದ ಅಡಿಕೆ ರಾಶಿ ಬಿದ್ದಿದ್ದರೂ ಅದು ಹಣ್ಣುಬಾವಲಿ ಬಂದು ಹೋದ ಗುರುತು. ಗುಹೆ ಇದ್ದರಂತೂ ಬಿಡಬೇಡಿ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ ಬಾವಲಿ ಬಹುಕಾಲ ಗೊತ್ತಿದ್ದದ್ದು ಬೆಳಗಾವಿ ಕಡೆಯ, ಈಗ ಭೀಮಗಡ ಅಭಯಾರಣ್ಯದಲ್ಲಿರುವ ಬಾರಾಪೇಡೆ ಗುಹೆಯಿಂದ ಮಾತ್ರ.

ಎತ್ತರಕ್ಕೆ ತಕ್ಕಂತೆ ಜಾತಿಗಳು ಹೇಗೆ ಬದಲಾಗುತ್ತವೆ ಅನ್ನುವುದೇ ನಿಮ್ಮ ಪ್ರಶ್ನೆಯಾದರೆ, ಪ್ರತಿ ಎತ್ತರದಲ್ಲೂ ಅಷ್ಟೇ ಬಲೆ, ಅಷ್ಟೇ ಗಂಟೆ ಇರಲಿ. ಬುಡದಲ್ಲಿ ಎಂಟು ರಾತ್ರಿ, ತುದಿಯಲ್ಲಿ ಎರಡು ರಾತ್ರಿ ಮಾಡಿದರೆ ನೀವು ಬರೆಯುವುದು ನಿಮ್ಮ ಮಂಡಿನೋವಿನ ಗ್ರಾಫು. ಮಳೆಗಾಲ ಬೇಡ. ಹುಣ್ಣಿಮೆಯ ಆಚೀಚೆ ಬೇಡ, ಬೆಳದಿಂಗಳಿಗೆ ಎಷ್ಟೋ ಜಾತಿಗಳು ಹೊರಬರಲು ಹಿಂಜರಿಯುತ್ತವೆ. ಕಾಡಷ್ಟೇ ಅಲ್ಲದೆ ಪಕ್ಕದ ಕಾಫಿ ತೋಟವನ್ನೂ ಸೇರಿಸಿಕೊಳ್ಳಿ. ಆನೆಮಲೆಯ ವಾಲ್ಪಾರೈಯಲ್ಲಿ ನಡೆದ ಅಧ್ಯಯನಗಳಲ್ಲಿ ಕಾಡುಮರದ ನೆರಳಿರುವ ಕಾಫಿ ತೋಟ ಬಾವಲಿಗಳಿಗೆ ಚಹಾ ತೋಟಕ್ಕಿಂತ ಎಷ್ಟೋ ಮೇಲು ಅಂತ ಕಂಡಿದೆ.

ಬಲೆಯನ್ನು ಹತ್ತು ನಿಮಿಷಕ್ಕೊಮ್ಮೆ ನೋಡಲೇಬೇಕು. ಒಂದು ಸಲ ಚಹಾ ಕುಡಿಯುತ್ತ ಇಪ್ಪತ್ತೈದು ನಿಮಿಷ ಮೈಮರೆತೆವು. ಹೋಗಿ ನೋಡಿದರೆ ಮರಿಯನ್ನು ಎದೆಗೆ ಕಚ್ಚಿಸಿಕೊಂಡಿದ್ದ ತಾಯಿ ಎಳೆಗಳಲ್ಲಿ ಸುತ್ತಿಕೊಂಡು ಸುಸ್ತಾಗಿತ್ತು. ಬಲೆ ಕತ್ತರಿಸಿ ಬಿಡಿಸಿದೆವು, ಹಾರಿತು. ಆದರೂ ಆವತ್ತಿನ ನಾಚಿಕೆ ಹೋಗಿಲ್ಲ. ಬಸುರಿ, ಬಾಣಂತಿ ಬಾವಲಿಗಳನ್ನು ಮೊದಲು ಬಿಡಿ. ರೇಬಿಸ್ ಲಸಿಕೆ ಮೊದಲೇ ಹಾಕಿಸಿಕೊಳ್ಳಿ, ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವವರೆಗೆ ಬಲೆ ಬಿಚ್ಚಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಗೆ ಮುಂಚೆ ಹಣ್ಣುಬಾವಲಿ ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿತ್ತು, ಹಳೆಯ ನೆನಪಿನವರು "ಅದಕ್ಕೇನು ಪರವಾನಗಿ" ಅಂದಾರು, ಕೇಳಬೇಡಿ.

ಕೊನೆಗೊಂದು. ಬಲೆಗೆ ಬಿದ್ದದ್ದೆಲ್ಲ ಗಿಡ್ಡಮೂತಿಯದೇ ಅನಿಸಿದರೂ ಪ್ರತಿಯೊಂದರ ಮುಂದೋಳು ಅಳೆಯಿರಿ, ಬಾಲ ಇದೆಯೇ ನೋಡಿ. ತಮಿಳುನಾಡಿನ ಮೇಘಮಲೆಯಲ್ಲಿ 1948ರಲ್ಲಿ ಸಿಕ್ಕಿದ್ದ ಒಂದನ್ನು ಗಿಡ್ಡಮೂತಿಯದು ಅಂತಲೇ ಚೀಟಿ ಅಂಟಿಸಿ ಮುಂಬೈಯ ಸಂಗ್ರಹಾಲಯದಲ್ಲಿ ಇಟ್ಟಿದ್ದರು. ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ಥೊಂಗ್ಲೊಂಗ್ಯ ಅದನ್ನು ಮತ್ತೆ ಪರೀಕ್ಷಿಸಿ 1972ರಲ್ಲಿ ಹೊಸ ಕುಲವೆಂದೇ ಸಾರಿ, ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು. ಅದಕ್ಕೆ ಬಾಲ ಇರಲಿಲ್ಲ.