ಚರ್ಮದ ಮೇಲೆ ಕೊರೆಯಲು ಯಾವ ಲೇಸರ್ ಮಷಿನ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಇಷ್ಟು: ತೀರ್ಥಹಳ್ಳಿ ಹತ್ತಿರ ಮನೆ, ಬಿಡುವಿನಲ್ಲಿ ಚರ್ಮದ ಪರ್ಸ್, ಬೆಲ್ಟ್, ಕೀಚೈನ್ ಹೊಲಿಯುತ್ತೀರಿ. ಅದರ ಮೇಲೆ ಹೆಸರು, ಚಿತ್ತಾರ ಕೊರೆಯಲು ಸಣ್ಣ ಲೇಸರ್ ಮಷಿನ್ ಬೇಕು. ಡಯೋಡ್ (ನೀಲಿ ಬೆಳಕಿನ ಸಣ್ಣ ಲೇಸರ್) ಸಾಕಾ, ಸಿಒ2 (ಗ್ಯಾಸ್ ತುಂಬಿದ ಟ್ಯೂಬಿನ ಲೇಸರ್) ಬೇಕಾ, ಎಷ್ಟು ವಾಟ್, ಯಾರೋ ಮಾರುತ್ತಿರುವ ಹಳೆಯ ಕೆ40 ಎಂಬ ಸಿಒ2 ಮಷಿನ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. 10 ವಾಟಿನ ಡಯೋಡ್ ಮಷಿನ್ ಸಾಕು. ಉಳಿಯುವ ದುಡ್ಡನ್ನು ಹೊಗೆ ಹೊರಗೆ ಹಾಕುವ ಫ್ಯಾನ್, ಕೊರೆಯುವ ಜಾಗಕ್ಕೆ ಗಾಳಿ ಊದುವ ಏರ್ ಪಂಪ್, ಒಳ್ಳೆಯ ಕನ್ನಡಕ ಮತ್ತು ಒಳ್ಳೆಯ ಚರ್ಮಕ್ಕೆ ಹಾಕಿ. ನಾನು ಶಿವಮೊಗ್ಗದಲ್ಲಿ ಇದೇ ಹವ್ಯಾಸ ಇಟ್ಟುಕೊಂಡವನು. ನನ್ನನ್ನು ಕೇಳುವವರೆಲ್ಲ ವಾಟಿನಿಂದಲೇ ಶುರು ಮಾಡುತ್ತಾರೆ. ಚರ್ಮ ಯಾವುದು ಅಂತ ಯಾರೂ ಹೇಳುವುದಿಲ್ಲ. ನೀವೂ ಹೇಳಿಲ್ಲ!

ಅಂಗಡಿಯಲ್ಲಿ ‘ಲೆದರ್’ ಅಂತ ಕೊಡುವುದರಲ್ಲಿ ಮೂರು ಜಾತಿ ಇದೆ. ಒಂದು ವೆಜ್ ಟ್ಯಾನ್. ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ. ತಂಗಡಿ ಗಿಡದ ತೊಗಟೆ, ನಮ್ಮ ಕಾಡಿನಲ್ಲಿ ಸಿಗುವ ಅಳಲೆಕಾಯಿ ಎಲ್ಲ ಹಿಂದಿನಿಂದಲೂ ಇದಕ್ಕೆ ಬಳಕೆಯಲ್ಲಿವೆ. ಎರಡನೆಯದು ಕ್ರೋಮ್ ಟ್ಯಾನ್, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತದೆ, ನೀರಿಗೆ ಅಷ್ಟು ಬೇಗ ಕೆಡುವುದಿಲ್ಲ, ಬ್ಯಾಗು, ಶೂಗಳಲ್ಲಿ ಇದೇ ಜಾಸ್ತಿ. ಮೂರನೆಯದು ಚರ್ಮವೇ ಅಲ್ಲ, ರೆಕ್ಸಿನ್.

ಲೇಸರಿಗೆ ಹೇಳಿಮಾಡಿಸಿದ್ದು ವೆಜ್ ಟ್ಯಾನ್ ಮಾತ್ರ. ಬಣ್ಣ ಹಾಕದ ತಿಳಿ ಚರ್ಮದ ಮೇಲೆ ಗೆರೆ ಕಂದು ಬಣ್ಣದಲ್ಲಿ ಚೊಕ್ಕವಾಗಿ ಮೂಡುತ್ತದೆ. ಕ್ರೋಮ್ ಚರ್ಮ ಸುಟ್ಟಾಗ ಅದರಲ್ಲಿರುವ ಕ್ರೋಮಿಯಂ ಸ್ವಲ್ಪ ಮಟ್ಟಿಗೆ ಹೆಕ್ಸಾವೇಲೆಂಟ್ ರೂಪಕ್ಕೆ ತಿರುಗಬಹುದು. ಅದು ಕ್ಯಾನ್ಸರ್ ತರುವ ವಸ್ತು. ವಿಡಿಯೋಗಳಲ್ಲಿ ಎಷ್ಟೋ ಜನ ಕ್ರೋಮ್ ಚರ್ಮವನ್ನು ಆರಾಮಾಗಿ ಕೊರೆಯುವುದು ಕಾಣಿಸುತ್ತದೆ. ನಾನು ಮುಟ್ಟುವುದಿಲ್ಲ. ರೆಕ್ಸಿನ್ನಿನಲ್ಲಿ ಪಿವಿಸಿ ಇದ್ದರೆ ಇನ್ನೂ ಕೆಟ್ಟದ್ದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ತೇವ ಸೇರಿದರೆ ಅದೇ ಆಸಿಡ್. ನಿಮ್ಮ ಶ್ವಾಸಕೋಶಕ್ಕೂ ಕೇಡು, ಮಷಿನ್ನಿನ ಕಬ್ಬಿಣದ ಭಾಗಗಳಿಗೂ ತುಕ್ಕು.

ಅಂಗಡಿಯವರ ಮಾತು ನಂಬಿ ಕೂರಬೇಕಿಲ್ಲ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಸಣ್ಣ ಬಾಟಲಿಗೆ ಅಡುಗೆಯ ವಿನೆಗರ್ ಹಾಕಿ, ಅದರಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ನೆನೆಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಆಗುತ್ತದೆ. ಆ ನೀರಿನ ಒಂದು ಹನಿ ಚರ್ಮದ ಒಳಮೈಗೆ ಬಿಡಿ. ವೆಜ್ ಟ್ಯಾನ್ ಆದರೆ ಕಣ್ಣೆದುರೇ ಹನಿ ಬಿದ್ದ ಜಾಗ ಮೊದಲು ಬೂದಿ, ಆಮೇಲೆ ಕಪ್ಪಾಗುತ್ತದೆ. ಒಗರಿಗೆ ಕಬ್ಬಿಣ ಸೇರಿದ ಬಣ್ಣ ಅದು. ಕ್ರೋಮ್ ಚರ್ಮ ಹಾಗೆ ಕಪ್ಪಾಗುವುದಿಲ್ಲ. ಇನ್ನೊಂದು ಉಪಾಯ, ಒಂದು ಚೂರನ್ನು ಕುದಿಯುವ ನೀರಿಗೆ ಹಾಕುವುದು. ವೆಜ್ ಟ್ಯಾನ್ ಸುಟ್ಟ ಹಪ್ಪಳದ ಹಾಗೆ ಮುದುಡಿ ಗಟ್ಟಿಯಾಗುತ್ತದೆ. ಕ್ರೋಮ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ರೆಕ್ಸಿನ್ ಅನುಮಾನ ಇದ್ದರೆ ಅಂಗಳಕ್ಕೆ ಹೋಗಿ, ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ವಸ್ತುವಿಗೆ ಒತ್ತಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಅಂತ ಅರ್ಥ, ಆ ಮಾಲು ಲೇಸರಿಗೆ ಬೇಡ.

ಇಲ್ಲಿ ಶಿವಮೊಗ್ಗದಲ್ಲಿ ಚಪ್ಪಲಿ ಸಾಮಾನಿನ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ಕ್ರೋಮ್ ಮತ್ತು ರೆಕ್ಸಿನ್. ವೆಜ್ ಟ್ಯಾನ್ ಬೇಕೆಂದರೆ ತಮಿಳುನಾಡಿನ ಕಡೆ ನೋಡಬೇಕು. ಚೆನ್ನೈನ ಪೆರಿಯಮೇಡು, ಆಂಬೂರು, ರಾಣಿಪೇಟೆ, ವಾಣಿಯಂಬಾಡಿ ಎಲ್ಲ ಚರ್ಮದ ವ್ಯಾಪಾರದ ಊರುಗಳು. ಆನ್‌ಲೈನಿನಲ್ಲಿ ಸಣ್ಣ ತುಂಡುಗಳೂ ಸಿಗುತ್ತವೆ. ಪರ್ಸಿಗೆ 1ರಿಂದ 1.5 ಮಿಲಿಮೀಟರ್, ಕೀಚೈನಿಗೆ 2, ಬೆಲ್ಟಿಗೆ 3ರಿಂದ 4 ದಪ್ಪ ಸರಿ. ಕೆಲವರು ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿಲಿಮೀಟರ್.

ಈಗ ವಾಟಿನ ವಿಷಯ. ಜಾಹೀರಾತಿನಲ್ಲಿ ದೊಡ್ಡದಾಗಿ 40, 60, 90 ಅಂತ ಬರೆದಿರುತ್ತಾರೆ. ಅದು ಕರೆಂಟು ಎಳೆಯುವ ವಾಟ್ ಇರಬಹುದು, ಸುಮ್ನೆ ಹೋಲಿಕೆಗೆ ಹಾಕಿದ ಸಂಖ್ಯೆಯೂ ಇರಬಹುದು. ನೀವು ನೋಡಬೇಕಾದದ್ದು ‘ಆಪ್ಟಿಕಲ್ ಔಟ್‌ಪುಟ್’ ಎಂಬ ಸಾಲು ಒಂದೇ. ಒಂದು ಡಯೋಡಿನಿಂದ ಸುಮಾರು 5 ವಾಟ್ ಬೆಳಕು ಬರುತ್ತದೆ. 10 ವಾಟಿನ ಲೇಸರ್ ತಲೆಯಲ್ಲಿ (ಹೆಡ್) ಎರಡು, 20 ವಾಟಿನದರಲ್ಲಿ ನಾಲ್ಕು ಡಯೋಡುಗಳ ಕಿರಣ ಸೇರಿಸಿರುತ್ತಾರೆ. ಬರೀ ಹೆಸರು ಕೊರೆಯಲು 5 ವಾಟೇ ಸಾಕು. 2 ಮಿಲಿಮೀಟರ್ ಚರ್ಮ ಕತ್ತರಿಸಲೂ ಬೇಕೆಂದರೆ 10. ಬೆಲ್ಟಿನ ದಪ್ಪ ಚರ್ಮ ಕತ್ತರಿಸಲು 20 ಬೇಕು ಅನ್ನುತ್ತಾರೆ, ಆದರೆ ನೇರ ಗೆರೆಯನ್ನು ರಂಪಿಗೆ ಮತ್ತು ಸ್ಟೀಲ್ ಸ್ಕೇಲಿನಲ್ಲಿ ಕೊಯ್ಯುವುದೇ ಚೆನ್ನ. ಅಂಚು ಕರಕಲಾಗುವುದಿಲ್ಲ, ಉಜ್ಜಿದರೆ ಹೊಳಪು ಬರುತ್ತದೆ.

ಸ್ಕಲ್ಪ್‌ಫನ್, ಓರ್ಟರ್, ಆಟಮ್‌ಸ್ಟ್ಯಾಕ್, ಎಕ್ಸ್‌ಟೂಲ್ ಹೀಗೆ ಹೆಸರು ಹಲವು. ಚರ್ಮದ ಮಟ್ಟಿಗೆ ಒಂದಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ. ಲೈಟ್‌ಬರ್ನ್ ಅಥವಾ ಪುಕ್ಕಟೆ ಸಿಗುವ ಲೇಸರ್‌ಜಿಆರ್‌ಬಿಎಲ್ (ಎರಡೂ ಮಷಿನ್ ಓಡಿಸುವ ಸಾಫ್ಟ್‌ವೇರ್) ಜೊತೆ ಓಡುತ್ತದಾ, ಬದಲಿ ಲೆನ್ಸ್ ನಮ್ಮ ದೇಶದಲ್ಲೇ ಸಿಗುತ್ತದಾ, ಏರ್ ಪಂಪಿನ ಪೈಪ್ ಹಾಕಲು ಜಾಗ ಇದೆಯಾ, ಇಷ್ಟು ಕೇಳಿ. ಬೆಲ್ಟ್ ಮಾಡುತ್ತೀರಲ್ಲ, ಹಾಗಾಗಿ ಪೆಟ್ಟಿಗೆಯೊಳಗೇ ಕೂರಿಸಿದ ಮಷಿನ್‌ಗಿಂತ ತೆರೆದ ಚೌಕಟ್ಟಿನದು ವಾಸಿ. ಅದಕ್ಕೆ ಪ್ಲೈವುಡ್ಡಿನ ಪೆಟ್ಟಿಗೆ ನೀವೇ ಮಾಡಿಸಿ, ಎರಡೂ ಬದಿಗೆ ಬೆಲ್ಟ್ ತೂರುವಷ್ಟು ಸೀಳು ಬಿಡಿ. ಸೀಳಿಗೆ ದಪ್ಪ ಕಪ್ಪು ಬಟ್ಟೆಯ ಪರದೆ ಹೊಡೆಯಿರಿ.

ಕನ್ನಡಕದ ವಿಷಯದಲ್ಲಿ ಜಿಪುಣತನ ಬೇಡ. ಡಯೋಡಿನದು ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು. ಕನ್ನಡಕದ ಮೇಲೆ ಆ ಸಂಖ್ಯೆಯೂ ಓಡಿ (ಬೆಳಕು ತಡೆಯುವ ಪ್ರಮಾಣ) 5 ಅಥವಾ ಅದಕ್ಕಿಂತ ಹೆಚ್ಚು ಅಂತಲೂ ಇರಬೇಕು. ಸಿಒ2 ಲೇಸರಿನದು 10,600 ನ್ಯಾನೋಮೀಟರ್, ಕಣ್ಣಿಗೆ ಕಾಣದ ಬೆಳಕು. ಅದನ್ನು ಪಾರದರ್ಶಕ ಅಕ್ರಿಲಿಕ್ ಹಾಳೆಯೇ ತಡೆಯುತ್ತದೆ, ಆದರೆ ನೀಲಿ ಬೆಳಕು ಅದೇ ಹಾಳೆಯಲ್ಲಿ ಸರಾಗವಾಗಿ ದಾಟುತ್ತದೆ. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಮಕ್ಕಳು, ಬೆಕ್ಕು ಓಡಾಡುವ ಜಗಲಿಯಲ್ಲಂತೂ ಇಡಲೇಬೇಡಿ.

ಹೊಗೆ. ವೆಜ್ ಟ್ಯಾನ್ ಸುಟ್ಟರೂ ಕೂದಲು ಸುಟ್ಟ ವಾಸನೆಯೇ. ಹಂಚಿನ ಮನೆಯಲ್ಲಿ ಅದು ಅಟ್ಟಕ್ಕೇರಿ ಅಲ್ಲೇ ಕೂರುತ್ತದೆ, ಮರುದಿನ ಹಾಸಿಗೆ ಬಟ್ಟೆಯಲ್ಲೂ ಬರುತ್ತದೆ. ಆಮೇಲೆ ಮನೆಯವರು ಮಷಿನ್ನನ್ನೂ ನಿಮ್ಮನ್ನೂ ಒಟ್ಟಿಗೆ ಕೊಟ್ಟಿಗೆಗೆ ಕಳಿಸುತ್ತಾರೆ. ಪೆಟ್ಟಿಗೆಯ ಹಿಂದೆ 4 ಅಥವಾ 6 ಇಂಚಿನ ಡಕ್ಟ್ ಫ್ಯಾನ್ ಕೂರಿಸಿ, ಪೈಪನ್ನು ಕಿಟಕಿಯಾಚೆ ಬಿಡಿ. ಮಳೆ ಹೊಡೆಯುವ ದಿಕ್ಕಿಗೆ ಬೇಡ. ಕೊರೆದ ತುಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿ ಹೋಗುತ್ತದೆ, ವಾಸನೆಯೂ ಅರ್ಧ ಇಳಿಯುತ್ತದೆ. ಎಣ್ಣೆ ಹಚ್ಚುವುದಿದ್ದರೆ ಕೊರೆದ ನಂತರ. ಮೊದಲೇ ಹಚ್ಚಿದರೆ ಹೊಗೆ ಇನ್ನೂ ಜಾಸ್ತಿ.

ಸೆಟ್ಟಿಂಗ್ ಯಾರದ್ದೋ ನಕಲು ಮಾಡಿದರೆ ಆಗುವುದಿಲ್ಲ, ಒಂದು ಚರ್ಮದ ಹಾಗೆ ಇನ್ನೊಂದಿಲ್ಲ. 10 ವಾಟಿಗೆ ನಾನು ನಿಮಿಷಕ್ಕೆ 4,000 ಮಿಲಿಮೀಟರ್ ವೇಗ, ಶೇ. 30 ಪವರ್, ಗೆರೆಗಳ ನಡುವೆ 0.1 ಮಿಲಿಮೀಟರ್ ಅಂತರದಿಂದ ಶುರು ಮಾಡುತ್ತೇನೆ. ಅದರ ಸುತ್ತ ವೇಗ, ಪವರ್ ಬದಲಿಸುತ್ತಾ ಸಣ್ಣ ಸಣ್ಣ ಚೌಕಗಳನ್ನು ಅದೇ ಚರ್ಮದ ತುದಿಯಲ್ಲಿ ಕೊರೆದು ನೋಡಿ. ಕಂದು ಬಣ್ಣ ಬಂದು, ಉಗುರಿನಿಂದ ಗೀರಿದರೆ ಪುಡಿ ಉದುರದ ಚೌಕ ಯಾವುದೋ ಅದು ನಿಮ್ಮದು. ಚರ್ಮ ಎದ್ದುಕೊಂಡರೆ ಫೋಕಸ್ ತಪ್ಪುತ್ತದೆ, ಅಂಚುಗಳಿಗೆ ಅಯಸ್ಕಾಂತ ಇಡಿ. ತಿಳಿ ಚರ್ಮಕ್ಕೆ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲಿಂದಲೇ ಕೊರೆದರೆ ಸುತ್ತ ಮಸಿ ಹಿಡಿಯುವುದಿಲ್ಲ. ಮಷಿನ್ ಓಡುವಾಗ ಕಾಫಿ ಮಾಡಲು ಎದ್ದು ಹೋಗಬೇಡಿ. ಟೇಪಿಗೆ ಬೆಂಕಿ ತಗಲುವುದು ಅಂಥ ಹೊತ್ತಿನಲ್ಲೇ.

ಕನ್ನಡ ಅಕ್ಷರಕ್ಕೆ ಪ್ರತ್ಯೇಕ ಎಚ್ಚರ ಬೇಕು. ಇದನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇಂಕ್‌ಸ್ಕೇಪಿನಲ್ಲಿ (ಚಿತ್ರ ಬರೆಯುವ ಸಾಫ್ಟ್‌ವೇರ್) ಯೂನಿಕೋಡ್ ಫಾಂಟಿನಲ್ಲಿ ಹೆಸರು ಬರೆದು, ಅದನ್ನು ಪಾತ್ (ಅಂಚಿನ ಗೆರೆ) ಮಾಡಿ, ಆಮೇಲೆ ತುಂಡುಗಳನ್ನು ಒಂದಾಗಿಸುವ ಯೂನಿಯನ್ ಕೊಡಿ. ಯೂನಿಯನ್ ಬಿಟ್ಟರೆ ಒತ್ತಕ್ಷರ ಅಥವಾ ಕೊಂಬು ಮೂಲ ಅಕ್ಷರದ ಮೇಲೆ ಕೂರುವ ಜಾಗದಲ್ಲಿ ಮಷಿನ್ ಕೊರೆಯದೆ ಬಿಟ್ಟುಬಿಡಬಹುದು, ಬಿಳಿ ಚುಕ್ಕೆ ಉಳಿಯುತ್ತದೆ. ಇನ್ನೊಂದು, ಅಕ್ಷರದ ಗಾತ್ರ. ಕೀಚೈನಿಗೆ ‘ಶ್ರೀಧರ’ ಅಂತ 4 ಮಿಲಿಮೀಟರ್ ಎತ್ತರದಲ್ಲಿ ಕೊರೆದು ನೋಡಿ. ಧ ಅಕ್ಷರದ ಕೆಳಗಿನ ಆ ಸಣ್ಣ ಸೀಳು ಕರಕಲಿನಲ್ಲಿ ಮುಚ್ಚಿಹೋಗಿ ‘ಶ್ರೀದರ’ ಆಗುತ್ತದೆ. ತೆಳ್ಳಗಿನ ಫಾಂಟ್ ಆರಿಸಿ, ಎತ್ತರ 7–8 ಮಿಲಿಮೀಟರಿಗಿಂತ ಇಳಿಸಬೇಡಿ.

ಚಿತ್ತಾರ ಅಂದಿರಿ, ನಿಮ್ಮ ಮನಸ್ಸಿನಲ್ಲಿರುವುದು ಸಾಗರದ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಇರಬೇಕು. ನೇರ ಗೆರೆ, ಓರೆ ಗೆರೆಗಳ ಆ ವಿನ್ಯಾಸ ಲೇಸರಿಗೆ ಚೆನ್ನಾಗಿ ಒಗ್ಗುತ್ತದೆ. ತುಂಬುವ ಫಿಲ್ ಬೇಡ, ಲೈನ್ ಮೋಡಿನಲ್ಲಿ ಕೊರೆಯಿರಿ, ಸಮಯ ಬಹಳ ಉಳಿಯುತ್ತದೆ. ಒಂದೇ ತೊಂದರೆ: ಗೆರೆ ತಿರುಗುವ ಮೂಲೆಯಲ್ಲಿ ತಲೆ ನಿಧಾನವಾಗುತ್ತದೆ, ಅಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಲೇಸರ್‌ಜಿಆರ್‌ಬಿಎಲ್‌ನಲ್ಲಿ ಎಂ3 ಎಂಬ ಆಜ್ಞೆಯ ಬದಲು ಎಂ4 ಆರಿಸಿದರೆ ವೇಗ ಇಳಿದಂತೆ ಪವರೂ ಇಳಿಯುತ್ತದೆ, ಚುಕ್ಕೆ ಹೋಗುತ್ತದೆ. ಮಾರಾಟಕ್ಕೆ ಮಾಡುವುದಾದರೆ ನೆಟ್ಟಿನಿಂದ ಎತ್ತಿದ ಚಿತ್ರ ಬೇಡ. ಬರೆಯುವವರ ಹತ್ತಿರವೇ ಹೋಗಿ ದುಡ್ಡು ಕೊಟ್ಟು ಬರೆಸಿಕೊಳ್ಳಿ. ಅದು ಅವರ ಕೈಕೆಲಸ ಅಲ್ವಾ?

ಹೊಲಿಗೆಯ ತೂತನ್ನೂ ಲೇಸರಿನಲ್ಲೇ ಹಾಕಬಹುದು. ಅಂತರ ಒಂದೇ ಸಮ ಬರುತ್ತದೆ. ಆದರೆ ಬಿಳಿ ದಾರ ಹಾಕಿದರೆ ತೂತಿನ ಮಸಿ ದಾರಕ್ಕೆ ಹತ್ತುತ್ತದೆ. ಕಂದು ಅಥವಾ ಕಪ್ಪು ದಾರವಾದರೆ ಚಿಂತೆಯಿಲ್ಲ.

ನಮ್ಮ ಮಳೆಗಾಲ ಗೊತ್ತೇ ಇದೆ. ನಿಮ್ಮ ಕಡೆ ಇನ್ನೂ ಜೋರು, ಆಗುಂಬೆ ಪಕ್ಕದಲ್ಲೇ ಇದೆ. ವೆಜ್ ಟ್ಯಾನ್‌ಗೆ ಬೂಷ್ಟು ಬೇಗ ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ತೇವ ಆಯಿತು ಅಂತ ಬಚ್ಚಲ ಒಲೆಯ ಹತ್ತಿರ ಒಣಗಿಸಬೇಡಿ, ಬಿಸಿಗೆ ಮುರುಟಿಕೊಳ್ಳುತ್ತದೆ. ತೇವದ ಚರ್ಮಕ್ಕೂ ಒಣಗಿದ್ದಕ್ಕೂ ಬೇಕಾಗುವ ಪವರ್ ಬೇರೆ, ಹಾಗಾಗಿ ಬೇಸಿಗೆಯಲ್ಲಿ ಬರೆದಿಟ್ಟ ಸೆಟ್ಟಿಂಗ್ ಆಷಾಢದಲ್ಲಿ ಮಸುಕಾಗಿ ಬರುತ್ತದೆ. ಕೆಲಸಕ್ಕೆ ಮೊದಲು ಲೆನ್ಸಿಗೆ ಮಂಜು ಕಟ್ಟಿದೆಯಾ ನೋಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಲ್ಲಿ ಒರೆಸಿ. ನಡುವೆ ಕರೆಂಟು ಹೋದರೆ ಆ ತುಂಡು ಹೋದಂತೆಯೇ. ಡಯೋಡ್ ಮಷಿನ್ ಎಳೆಯುವುದು ಕಡಿಮೆ, ಕಂಪ್ಯೂಟರಿನ ಸಣ್ಣ ಯುಪಿಎಸ್ ಸಾಕು. ಮನೆಯ ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣಕ್ಕೇ ಬೋರ್ಡ್ ರೀಸೆಟ್ ಆಗಬಹುದು.

ಕೊನೆಗೆ ಆ ಕೆ40. ಅದು ಗಾಜಿನ ಟ್ಯೂಬಿನ ಸಿಒ2 ಮಷಿನ್. ಚರ್ಮವನ್ನು ಡಯೋಡಿಗಿಂತ ಬೇಗ, ಚೊಕ್ಕವಾಗಿ ಕತ್ತರಿಸುತ್ತದೆ, ಅದು ನಿಜ. ಆದರೆ ಟ್ಯೂಬಿಗೆ ಸದಾ ಡಿಸ್ಟಿಲ್ಡ್ ವಾಟರ್ ಹರಿಯುತ್ತಿರಬೇಕು. ಬಳಸದೆ ಇಟ್ಟರೂ ಒಳಗಿನ ಗ್ಯಾಸ್ ಕ್ರಮೇಣ ಕೆಡುತ್ತದೆ. ಮಾರುವವರ ಮನೆಗೆ ಹೋಗಿ, ನಿಮ್ಮದೇ 2 ಮಿಲಿಮೀಟರ್ ಚರ್ಮ ಕೊಟ್ಟು ಕತ್ತರಿಸಿ ತೋರಿಸಿ ಅನ್ನಿ. ಟ್ಯೂಬಿನೊಳಗಿನ ಹೊಳಪು ನೇರಳೆ-ಗುಲಾಬಿ ಇರಬೇಕು. ಬಿಳಿಚಿಕೊಂಡಿದ್ದರೆ ಟ್ಯೂಬ್ ಮುಗಿಯುತ್ತಾ ಬಂದಿದೆ. ಎಲ್ಲಕ್ಕಿಂತ ಮುಖ್ಯ, ಆ ಟ್ಯೂಬಿಗೆ ಹೋಗುವುದು 15,000 ವೋಲ್ಟಿನಷ್ಟು ಕರೆಂಟು. ನಿಮ್ಮದು ಹಳೆಯ ಮನೆಯಾದರೆ ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ ನೋಡಿ. ಸರಿ ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಮಷಿನ್ ಬೇಡ.