ಮಂಡಿ ನೋವಿರುವ ಅಮ್ಮನನ್ನು ಪಾರ್ಕಿನ ಯೋಗ ಕ್ಲಾಸಿಗೆ ಸೇರಿಸಬಹುದಾ?

ಖಂಡಿತ ಸೇರಿಸಬಹುದು. ಹೇಳಿಕೊಡುವವರು ಹೇಗಿದ್ದಾರೆ ಅನ್ನೋದನ್ನು ಮಾತ್ರ ಮೊದಲು ನೋಡಿ. ಎಲ್ಲಿ ನೋವಿದೆ, ಆಪರೇಷನ್ ಆಗಿದೆಯಾ, ಬಿಪಿ ಇದೆಯಾ ಎಂದು ಅವರು ಮೊದಲ ದಿನವೇ ಕೇಳಬೇಕು. ಬೆನ್ನು ಒತ್ತಿ ಬಗ್ಗಿಸುವವರಾದರೆ ಆ ಕ್ಲಾಸು ಬೇಡವೇ ಬೇಡ.

ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಗ್ಗುವ ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಲೇಬೇಕೆಂದಿಲ್ಲ. ಕುರ್ಚಿಯ ಮೇಲಿಟ್ಟರೂ ಪಕ್ಕೆ ಎಳೆಯುವುದು ಚೆನ್ನಾಗಿ ಗೊತ್ತಾಗುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಬೆಲ್ಟು, ಮರದ ಇಟ್ಟಿಗೆಗಳನ್ನು ಬಳಸಿಯೇ ಕಲಿಸುತ್ತಿದ್ದರು. ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ, ಅಲ್ವಾ?

ಸ್ನಾಯು ಹದವಾಗಿ ಎಳೆದರೆ ಪರವಾಗಿಲ್ಲ. ಕೀಲಿನೊಳಗೆ ಚುಚ್ಚಿದರೆ, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಪಕ್ಕದವರನ್ನು ನೋಡಿ ಸುಮ್ನೆ ಜಾಸ್ತಿ ಬಗ್ಗುವುದು ಬೇಡ. ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಸದ್ಯಕ್ಕೆ ಬಿಡಲಿ. ಮಂಡಿ ಊದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.