ಹನ್ನೆರಡು ರೋಗ ಬಿಡಿ, ಒಂದು ಸಕ್ಕರೆಯ ದಾರಿ ಹಿಡಿಯಿರಿ

ನಮಸ್ಕಾರ.

ಪ್ರೋಟೀನುಗಳಿಗೆ ಸಕ್ಕರೆ ಸರಪಳಿ ಜೋಡಿಸುವ ಗ್ಲೈಕೊಸೈಲೇಷನ್ ಕ್ರಿಯೆ ಮತ್ತು ನಮ್ಮ ಆರೋಗ್ಯದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ವಾಪಸ್ ಕಳಿಸಿ ಸುಮ್ಮನಾಗುವ ಲೇಖನವೂ ಇದಲ್ಲ. ಈ ವಿಷಯವನ್ನು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆಯಲು ಕೈಹಾಕುವವರು ಕಡಿಮೆ. ನೀವು ಕೈಹಾಕಿದ್ದೀರಿ, ಸಾಕಷ್ಟು ಓದಿಕೊಂಡೂ ಬರೆದಿದ್ದೀರಿ. ಅದಕ್ಕೇ ಮುಚ್ಚುಮರೆಯಿಲ್ಲದೆ, ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ.

ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮಧುಮೇಹಿಗಳಿಗೆ ಮಾಡುವ ಎಚ್‌ಬಿಎ1ಸಿ ಪರೀಕ್ಷೆಯನ್ನು ನೀವು ಗ್ಲೈಕೊಸೈಲೇಷನ್ನಿಗೆ ‘ಎಲ್ಲರಿಗೂ ಗೊತ್ತಿರುವ ಉದಾಹರಣೆ’ ಎಂದು ಕೊಟ್ಟಿದ್ದೀರಿ. ಅದು ಉದಾಹರಣೆಯೇ ಅಲ್ಲ. ಹಿಮೋಗ್ಲೋಬಿನ್ನಿಗೆ ಗ್ಲೂಕೋಸ್ ಅಂಟುವಾಗ ಯಾವ ಕಿಣ್ವವೂ ಕೆಲಸ ಮಾಡುವುದಿಲ್ಲ. ಕೆಂಪು ರಕ್ತಕಣ ಬದುಕಿರುವ ಸುಮಾರು 120 ದಿನಗಳ ಉದ್ದಕ್ಕೂ, ರಕ್ತದಲ್ಲಿ ಗ್ಲೂಕೋಸ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ, ಅದು ತಾನಾಗಿಯೇ ಅಂಟುತ್ತಾ ಹೋಗುತ್ತದೆ. ಅದು ಗ್ಲೈಕೇಷನ್. ನೀವು ಬರೆಯಹೊರಟಿರುವುದು ಜೀವಕೋಶ ಕಿಣ್ವಗಳ ಮೂಲಕ, ಪ್ರೋಟೀನಿನ ಗೊತ್ತಾದ ಜಾಗಗಳಲ್ಲಿ, ತಾನೇ ನಡೆಸುವ ಕೆಲಸದ ಬಗ್ಗೆ. ಹಳೆಯ ಲ್ಯಾಬ್ ವರದಿಗಳಲ್ಲೂ ಇವೆರಡು ಕಲಸಿಹೋಗಿರುವುದರಿಂದ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಮ್ಮ ಪ್ಯಾರಾ ಓದಿದವರು ಏನೆಂದುಕೊಳ್ಳುತ್ತಾರೆ ಯೋಚಿಸಿ: ಸಿಹಿ ತಿಂದರೆ ಗ್ಲೈಕೊಸೈಲೇಷನ್ ಹೆಚ್ಚುತ್ತದೆ, ಅದು ಕೆಟ್ಟದ್ದು, ಹೇಗಾದರೂ ತಗ್ಗಿಸಬೇಕು. ವಾಸ್ತವದಲ್ಲಿ ಈ ಕ್ರಿಯೆ ಕುಂದಿದರೆ ಮಗುವಿನ ಮೆದುಳಿನಿಂದ ಹಿಡಿದು ಯಕೃತ್ತಿನವರೆಗೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಆ ಪ್ಯಾರಾವನ್ನು ತಿದ್ದಲು ಹೋಗಬೇಡಿ, ತೆಗೆದುಹಾಕಿ.

ಇನ್ನು ನಿಮ್ಮ ಒಡವೆಯ ಹೋಲಿಕೆ. ಪ್ರೋಟೀನ್ ಮೈ, ಸಕ್ಕರೆ ಸರಪಳಿ ಅದಕ್ಕೆ ತೊಡಿಸಿದ ಒಡವೆ ಎಂದು ಶುರುಮಾಡಿ ಕೊನೆಯವರೆಗೂ ಅದನ್ನೇ ಎಳೆದಿದ್ದೀರಿ. ಒಡವೆ ಬಿಚ್ಚಿಟ್ಟರೆ ಮೈಗೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಜೀವಕೋಶದೊಳಗೆ ಪ್ರೋಟೀನ್ ತಯಾರಾಗಿ ಮಡಚಿಕೊಳ್ಳುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲಿ ಪ್ರೋಟೀನ್ ಇನ್ನೂ ತಯಾರಾಗುತ್ತಿರುವಾಗಲೇ 14 ಸಕ್ಕರೆಗಳ ಸಿದ್ಧ ಸರಪಳಿಯೊಂದು ಒಟ್ಟಿಗೇ ಅದಕ್ಕೆ ಜೋಡಣೆಯಾಗುತ್ತದೆ: ಎರಡು ಎನ್-ಅಸಿಟೈಲ್ ಗ್ಲೂಕೋಸಮೀನ್, ಒಂಬತ್ತು ಮ್ಯಾನೋಸ್, ಮೂರು ಗ್ಲೂಕೋಸ್. ಕೂಡಲೇ ಗ್ಲೂಕೋಸುಗಳನ್ನು ಕತ್ತರಿಸುವ ಕೆಲಸ ಶುರುವಾಗುತ್ತದೆ. ಒಂದೇ ಒಂದು ಗ್ಲೂಕೋಸ್ ಉಳಿದಾಗ ಕಾಲ್ನೆಕ್ಸಿನ್, ಕಾಲ್ರೆಟಿಕ್ಯುಲಿನ್ ಎಂಬ ಸಹಾಯಕರು ಅದನ್ನು ಗುರುತಿಸಿ ಪ್ರೋಟೀನನ್ನು ಹಿಡಿದುಕೊಳ್ಳುತ್ತಾರೆ. ಸರಿಯಾಗಿ ಮಡಚಿಕೊಳ್ಳಲು ಅದಕ್ಕೆ ಸಮಯ ಸಿಗುತ್ತದೆ. ಕೊನೆಯ ಗ್ಲೂಕೋಸೂ ಹೋದ ಮೇಲೆ ಮಡಿಕೆ ಸರಿಯಿಲ್ಲವೆಂದು ಕಂಡರೆ ಬೇರೊಂದು ಕಿಣ್ವ ಮತ್ತೆ ಒಂದು ಗ್ಲೂಕೋಸ್ ಅಂಟಿಸಿ ಅದೇ ಸುತ್ತಿಗೆ ಕಳಿಸುತ್ತದೆ. ಎಷ್ಟು ಸುತ್ತಿದರೂ ಸರಿಹೋಗದ ಪ್ರೋಟೀನ್ ಕೊನೆಗೆ ನಾಶವಾಗುತ್ತದೆ. ಆ ಒಂದು ಗ್ಲೂಕೋಸ್ ಇದೆಯೋ ಇಲ್ಲವೋ ಎಂಬುದರ ಮೇಲೆ ಪ್ರೋಟೀನಿನ ಅಳಿವು ಉಳಿವು ನಿಂತಿದೆ.

ಇಷ್ಟೆಲ್ಲವನ್ನೂ ನೀವು ‘ಸಕ್ಕರೆಗಳು ಪ್ರೋಟೀನಿನ ರಚನೆಯಲ್ಲಿ ಮಹತ್ವದ ಪಾತ್ರ ವಹಿಸುತ್ತವೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಈ ‘ಮಹತ್ವದ ಪಾತ್ರ’ ನಿಮ್ಮಲ್ಲಿ ಪುಟಪುಟಕ್ಕೂ ಬರುತ್ತದೆ. ಅದು ಬಂದಲ್ಲೆಲ್ಲ ನಿಂತು, ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ವಾಕ್ಯವನ್ನೇ ಕೈಬಿಡಿ.

ಇರಲೇಬೇಕಾದ ಒಂದು ಸಂಗತಿ ಲೇಖನದಲ್ಲಿ ಇಲ್ಲ. ಪ್ರೋಟೀನಿನ ಅಮೈನೋ ಆಮ್ಲಗಳ ಕ್ರಮ ಡಿಎನ್‌ಎಯಲ್ಲಿ ಬರೆದಿರುತ್ತದೆ. ಸಕ್ಕರೆ ಸರಪಳಿಯ ಕ್ರಮ ಹಾಗೆ ಎಲ್ಲೂ ಬರೆದಿಲ್ಲ. ಜೀನುಗಳಲ್ಲಿರುವುದು ಅದನ್ನು ಕಟ್ಟುವ, ಕತ್ತರಿಸುವ ಕಿಣ್ವಗಳ ಮಾಹಿತಿ ಮಾತ್ರ. ಯಾವ ಕಿಣ್ವ ಎಷ್ಟಿದೆ, ಸಕ್ಕರೆಯ ದಾಸ್ತಾನು ಹೇಗಿದೆ, ಸರಪಳಿಗೆ ಕೊನೆಯ ರೂಪ ಸಿಗುವ ಗಾಲ್ಗಿ ಎಂಬ ಕೋಶಭಾಗವನ್ನು ಪ್ರೋಟೀನ್ ಎಷ್ಟು ಬೇಗ ದಾಟುತ್ತದೆ ಎಂಬುದೆಲ್ಲ ಸೇರಿ ಸರಪಳಿಯ ಆಕಾರ ತೀರ್ಮಾನವಾಗುತ್ತದೆ. ಒಬ್ಬರ ದೇಹದಲ್ಲೇ ಒಂದು ಪ್ರೋಟೀನ್ ಹಲವು ಬಗೆಯ ಸರಪಳಿಗಳನ್ನು ಹೊತ್ತಿರುವುದು, ಕಾಯಿಲೆ ಬಂದಾಗ ಆ ಸರಪಳಿಗಳು ಬದಲಾಗುವುದು ಇದರಿಂದಲೇ. ರುಮಟಾಯ್ಡ್ ಸಂಧಿವಾತದಲ್ಲಿ ಐಜಿಜಿ ಪ್ರತಿಕಾಯದ ಸರಪಳಿಯಲ್ಲಿ ಗ್ಯಾಲಕ್ಟೋಸ್ ಕಡಿಮೆ ಎಂದು ನೀವೇ ಬರೆದಿದ್ದೀರಿ. ಈ ಹಿನ್ನೆಲೆ ಇಲ್ಲದೆ ಅದು ಒಂಟಿ ಮಾಹಿತಿಯಾಗಿ ನಿಂತಿದೆ.

ರಕ್ತದ ಗುಂಪುಗಳ ಭಾಗ ನಿಜಕ್ಕೂ ಚೆನ್ನಾಗಿದೆ. ಸರಪಳಿಯ ತುದಿಯಲ್ಲಿ ಎ ಗುಂಪಿನವರಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿ ಗುಂಪಿನವರಿಗೆ ಗ್ಯಾಲಕ್ಟೋಸ್, ಓ ಗುಂಪಿನವರಿಗೆ ಎರಡೂ ಇಲ್ಲ ಎಂದು ಎಷ್ಟು ಸಲೀಸಾಗಿ ಹೇಳಿದ್ದೀರಿ! ಆ ತುದಿಯ ಸಕ್ಕರೆಯನ್ನು ಜೋಡಿಸುವ ಎ ಮತ್ತು ಬಿ ಕಿಣ್ವಗಳ 354 ಅಮೈನೋ ಆಮ್ಲಗಳಲ್ಲಿ ನಾಲ್ಕೇ ಬೇರೆ ಎಂದು 1990ರಲ್ಲಿ ಗೊತ್ತಾದದ್ದನ್ನೂ ಸೇರಿಸಿ. ಈ ಸರಪಳಿಗಳು ಪ್ರೋಟೀನುಗಳ ಮೇಲಷ್ಟೇ ಅಲ್ಲ, ಕೋಶದ ಹೊದಿಕೆಯ ಕೊಬ್ಬಿನ ಅಣುಗಳ ಮೇಲೂ ಇರುತ್ತವೆ ಎಂದು ಅರ್ಧ ವಾಕ್ಯದಲ್ಲಿ ಹೇಳಿಬಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆಮೇಲಿನ ಪುಟಗಳಲ್ಲಿ ಹನ್ನೆರಡು ರೋಗಗಳು ಸಾಲಾಗಿ ಬಂದು ಹೋಗುತ್ತವೆ, ಒಂದಕ್ಕೆ ನಾಲ್ಕೈದು ಸಾಲು. ಮೂರನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ನಿಮ್ಮ ಲೇಖನದ ಜೀವ ಇರುವುದು ಎಂಟನೆಯ ಮತ್ತು ಒಂಬತ್ತನೆಯ ರೋಗಗಳಲ್ಲಿ. ಅವೆರಡರ ನಡುವಿನ ನಂಟನ್ನು ನೀವು ಕಂಡಂತಿಲ್ಲ.

ಎರಡೂ ಹುಟ್ಟಿನಿಂದಲೇ ಬರುವ ಗ್ಲೈಕೊಸೈಲೇಷನ್ ದೋಷಗಳು. ಈ ಗುಂಪಿನ ಕಾಯಿಲೆಯನ್ನು ಮೊದಲು ವಿವರಿಸಿದ್ದು ಬೆಲ್ಜಿಯಂನ ಮಕ್ಕಳ ವೈದ್ಯ ಯಾಕ್ ಯಾಕೆನ್, 1980ರಲ್ಲಿ, ಅವಳಿ ಸಹೋದರಿಯರಲ್ಲಿ. ಇಂದು ನೂರಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಮೇಲೆ ಹೇಳಿದ ಸರಪಳಿಗೆ ಒಂಬತ್ತು ಮ್ಯಾನೋಸ್ ಬೇಕಲ್ಲ, ಅದು ಬರುವ ದಾರಿಯನ್ನು ನೋಡಿ. ಕೋಶದೊಳಗಿನ ಫ್ರಕ್ಟೋಸ್-6-ಫಾಸ್ಫೇಟನ್ನು ಎಂಪಿಐ ಎಂಬ ಕಿಣ್ವ ಮ್ಯಾನೋಸ್-6-ಫಾಸ್ಫೇಟ್ ಆಗಿ ಬದಲಿಸುತ್ತದೆ. ಅದನ್ನು ಪಿಎಂಎಂ2 ಎಂಬ ಮುಂದಿನ ಕಿಣ್ವ ಮ್ಯಾನೋಸ್-1-ಫಾಸ್ಫೇಟ್ ಮಾಡುತ್ತದೆ. ಅಲ್ಲಿಂದ ಮುಂದೆ ಸರಪಳಿ ಕಟ್ಟುವ ಕೆಲಸ. ಎರಡು ಕಿಣ್ವಗಳೂ ಅಕ್ಕಪಕ್ಕದವು.

ಪಿಎಂಎಂ2 ಕೆಟ್ಟರೆ ಕಿರುಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಮಗುವಿನ ಮೈ ಬಿಗಿಯಿಲ್ಲದೆ ಸಡಿಲವಾಗಿರುತ್ತದೆ, ಮೆಳ್ಳೆಗಣ್ಣು ಇರಬಹುದು, ಕೂರುವುದು ನಡೆಯುವುದು ತಡವಾಗುತ್ತದೆ. ಈ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಎಂಪಿಐ ಕೆಟ್ಟರೆ ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ; ವಾಂತಿ, ಕರುಳಿನಿಂದ ಪ್ರೋಟೀನ್ ಸೋರಿಕೆ, ರಕ್ತದ ಗ್ಲೂಕೋಸ್ ಕುಸಿತ, ಯಕೃತ್ತಿನ ತೊಂದರೆ ಕಾಡುತ್ತವೆ.

ಈ ದೋಷಗಳನ್ನು ಗುರುತಿಸಲು ಮಾಡುವ ಟ್ರಾನ್ಸ್‌ಫೆರಿನ್ ಎಂಬ ರಕ್ತಪರೀಕ್ಷೆಯ ವರದಿಯಲ್ಲಿ ಮಾತ್ರ ಇಬ್ಬರೂ ಒಂದೇ ಥರ ಕಾಣುತ್ತಾರೆ. ರಕ್ತದಲ್ಲಿ ಕಬ್ಬಿಣ ಸಾಗಿಸುವ ಈ ಪ್ರೋಟೀನಿಗೆ ಎರಡು ಸಕ್ಕರೆ ಸರಪಳಿಗಳಿವೆ. ಸಾಮಾನ್ಯವಾಗಿ ಒಂದೊಂದರ ತುದಿಯಲ್ಲೂ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಎರಡೆರಡು, ಒಟ್ಟು ನಾಲ್ಕು. ಎಷ್ಟು ಸಿಯಾಲಿಕ್ ಆಮ್ಲ ಇದೆ ಎಂಬುದಕ್ಕೆ ತಕ್ಕಂತೆ ವರದಿಯಲ್ಲಿ ಬೇರೆ ಬೇರೆ ಗೆರೆಪಟ್ಟಿಗಳು ಮೂಡುತ್ತವೆ. ಮ್ಯಾನೋಸಿನ ಕೊರತೆಯಾದಾಗ ಒಂದು ಸರಪಳಿಯೋ ಎರಡೂ ಸರಪಳಿಗಳೋ ಇಡಿಯಾಗಿ ಇಲ್ಲವಾಗುತ್ತವೆ. ಹಾಗಾಗಿ ನಾಲ್ಕರ ಪಟ್ಟಿ ತೆಳುವಾಗಿ, ಎರಡರ ಮತ್ತು ಸೊನ್ನೆಯ ಪಟ್ಟಿಗಳು ದಪ್ಪವಾಗುತ್ತವೆ. ಯಾವ ಕಿಣ್ವ ಕೆಟ್ಟಿದೆ ಎಂಬುದು ಇಷ್ಟರಿಂದ ತಿಳಿಯುವುದಿಲ್ಲ. ಕಿಣ್ವದ ಅಥವಾ ಜೀನಿನ ಪರೀಕ್ಷೆ ಆಗಬೇಕು.

ಅದನ್ನು ತಿಳಿಯುವುದು ಏಕೆ ಅಷ್ಟು ಅಗತ್ಯ? ಎಂಪಿಐ ಕೆಟ್ಟ ಮಗುವಿಗೆ ಮ್ಯಾನೋಸನ್ನೇ ಬಾಯಿಯ ಮೂಲಕ ಕೊಡಬಹುದು. ಹೊರಗಿನಿಂದ ಬಂದ ಮ್ಯಾನೋಸನ್ನು ಹೆಕ್ಸೊಕೈನೇಸ್ ಕಿಣ್ವ ನೇರವಾಗಿ ಮ್ಯಾನೋಸ್-6-ಫಾಸ್ಫೇಟ್ ಮಾಡುವುದರಿಂದ ಕೆಟ್ಟ ಕಿಣ್ವದ ಹಂಗೇ ಇರುವುದಿಲ್ಲ. ಕರುಳಿನ ಸೋರಿಕೆ, ಗ್ಲೂಕೋಸ್ ಕುಸಿತ ಹತೋಟಿಗೆ ಬರುತ್ತವೆ. ಯಕೃತ್ತಿನ ಮೇಲೆ ಮಾತ್ರ ನಿಗಾ ಇಡುತ್ತಲೇ ಇರಬೇಕು. ಪಿಎಂಎಂ2 ಕೆಟ್ಟ ಮಗುವಿಗೆ ಅದೇ ಮ್ಯಾನೋಸ್ ಕೊಟ್ಟರೆ ಆ ಗುಣ ಕಾಣುವುದಿಲ್ಲ, ಏಕೆಂದರೆ ಅಡ್ಡಿ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ನೀವು ಎಂಟನೆಯ ರೋಗದ ಕೆಳಗೆ ‘ಚಿಕಿತ್ಸೆ ಇಲ್ಲ’ ಎಂದೂ ಒಂಬತ್ತನೆಯದರ ಕೆಳಗೆ ‘ಚಿಕಿತ್ಸೆ ಇದೆ’ ಎಂದೂ ಬರೆದು ಮುಂದೆ ಹೋಗಿದ್ದೀರಿ. ಒಂದೇ ದಾರಿಯ ಎರಡು ಹೆಜ್ಜೆ, ಒಂದೇ ಥರದ ವರದಿ, ಒಂದೇ ಸಕ್ಕರೆ. ಒಂದು ಮಗುವಿಗೆ ಅದು ಔಷಧ, ಇನ್ನೊಂದಕ್ಕೆ ಅಲ್ಲ. ಗ್ಲೈಕೊಸೈಲೇಷನ್ ಏಕೆ ಅರ್ಥವಾಗಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಉತ್ತರ ನಿಮ್ಮ ಹಸ್ತಪ್ರತಿಯಲ್ಲಿ ಬೇರೆ ಇಲ್ಲ. ಲೇಖನ ಇದರ ಸುತ್ತಲೇ ಕಟ್ಟಿಕೊಳ್ಳಲಿ.

ಕ್ಯಾನ್ಸರ್ ಭಾಗದಲ್ಲಿ, ರಕ್ತದಲ್ಲಿ ಅಳೆಯುವ ಸಿಎ 19-9 ಎಂಬ ಸೂಚಕ ‘ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಪತ್ತೆಮಾಡುತ್ತದೆ’ ಎಂದಿದ್ದೀರಿ. ಇಷ್ಟು ಖಚಿತವಾಗಿ ಹೇಳುವ ಹಾಗಿಲ್ಲ. ಅದು ಒಂದು ಸಕ್ಕರೆ ರಚನೆ. ಎ, ಬಿ, ಓ ಅಲ್ಲದೆ ಲೂಯಿಸ್ ಎಂಬ ಇನ್ನೊಂದು ರಕ್ತಗುಂಪಿನ ವಿಂಗಡಣೆ ಇದೆ; ಅದರಲ್ಲಿ ಲೂಯಿಸ್ ನೆಗೆಟಿವ್ ಆದವರಲ್ಲಿ ಅದನ್ನು ಕಟ್ಟುವ ಕಿಣ್ವವೇ ಇರುವುದಿಲ್ಲ. ಕ್ಯಾನ್ಸರ್ ಇದ್ದರೂ ಅಂಕಿ ಏರದಿರಬಹುದು. ಪಿತ್ತನಾಳ ಕಟ್ಟಿಕೊಂಡವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ವರದಿ ಕೈಯಲ್ಲಿ ಹಿಡಿದು ನಿದ್ದೆಗೆಡುವವರು ನಿಮ್ಮನ್ನು ಓದುತ್ತಾರೆ, ಅದು ನೆನಪಿರಲಿ. ಉಳಿದ ರೋಗಗಳನ್ನು ಬಿಟ್ಟುಬಿಡಿ. ಸರಪಳಿ ಪ್ರೋಟೀನಿನ ಸಾರಜನಕಕ್ಕೆ ಅಂಟಿದೆಯೋ ಆಮ್ಲಜನಕಕ್ಕೋ ಎಂದು ನೋಡುವ ಎನ್-ಬಂಧ, ಓ-ಬಂಧ ಎಂಬ ವರ್ಗೀಕರಣಕ್ಕೆ ಎರಡು ವಾಕ್ಯ ಧಾರಾಳವಾಯಿತು.

ಕೊನೆಯ ಪ್ಯಾರಾವನ್ನು ಮಾತ್ರ ಯಾವ ರೂಪದಲ್ಲೂ ಒಪ್ಪುವುದಿಲ್ಲ. ‘ವಿಶೇಷ ಸಕ್ಕರೆಗಳ ಪೂರಕ ಪುಡಿಗಳು ಗ್ಲೈಕೊಸೈಲೇಷನ್ ಸುಧಾರಿಸಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ’ ಎಂದು ಬರೆದಿದ್ದೀರಿ. ಆರೋಗ್ಯವಂತರ ಕೋಶಗಳು ಈ ಸರಪಳಿಗಳಿಗೆ ಬೇಕಾದ ಸಕ್ಕರೆಗಳನ್ನು ಗ್ಲೂಕೋಸಿನಿಂದಲೇ ಮಾಡಿಕೊಳ್ಳಬಲ್ಲವು. ಎಂಪಿಐ ದೋಷಕ್ಕೆ ಮ್ಯಾನೋಸ್ ಕೊಡುವುದು ರೋಗ ಖಚಿತವಾದ ಮೇಲೆ, ವೈದ್ಯರ ಉಸ್ತುವಾರಿಯಲ್ಲಿ, ಒಂದು ನಿರ್ದಿಷ್ಟ ಕಿಣ್ವದ ಕೊರತೆಗಾಗಿ. ಎರಡನ್ನೂ ಒಟ್ಟಿಗೆ ಇಟ್ಟರೆ, ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಂದೆತಾಯಿ ಪುಡಿಯ ಡಬ್ಬಿಯ ಮೇಲೆ ಹಣವನ್ನೂ ಭರವಸೆಯನ್ನೂ ಸುರಿಯುತ್ತಾರೆ.

ಮರಳಿ ಬರೆಯುವುದಾದರೆ ಪೀಠಿಕೆ ಬೇಡ. ಟ್ರಾನ್ಸ್‌ಫೆರಿನ್ ವರದಿಯ ಆ ಪಟ್ಟಿಗಳಿಂದಲೇ ಶುರುಮಾಡಿ. 1,200 ಪದಗಳು ಸಾಕು. ಎರಡು ಕಿಣ್ವಗಳ ದಾರಿ ತೋರಿಸುವ ರೇಖಾಚಿತ್ರವನ್ನು ಕೈಯಲ್ಲೇ ಬರೆದು ಜೊತೆಗಿಡಿ, ನಾವು ಅದನ್ನು ಅಚ್ಚುಕಟ್ಟು ಮಾಡಿಸುತ್ತೇವೆ. ಕಳಿಸುವ ಮುಂಚೆ ಮಕ್ಕಳ ಚಯಾಪಚಯ ರೋಗಗಳನ್ನು ನೋಡುವ ವೈದ್ಯರೊಬ್ಬರಿಗೆ ಚಿಕಿತ್ಸೆಯ ಭಾಗವನ್ನು ಓದಿಸಿ, ಅವರು ಹಾಕಿದ ತಿದ್ದುಪಡಿಗಳ ಪ್ರತಿಯನ್ನೂ ಕಳಿಸಿಕೊಡಿ.